ಗಂಟುಗಳ ಉರಿಯೂತ: ಅಲ್ಟ್ರಾಸೌಂಡೇ, ಎಂಆರ್‌ಐಯೇ?

ಸುಬುಹ್ ನಮಾಝಿಗೆ ಎದ್ದಾಗ ಕೈಬೆರಳುಗಳು ಬಿಗಿದುಕೊಂಡು ನಲ್ಲಿ ತಿರುಗಿಸಲೂ ಆಗುವುದಿಲ್ಲವೇ? ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಆ ಬಿಗಿತ ಬಿಡುವುದಿಲ್ಲವೇ? ಎರಡೂ ಕೈಗಳ ಬೆರಳಿನ ಬುಡ, ಮಣಿಕಟ್ಟು ಊದಿಕೊಂಡಿವೆಯೇ? ಹಾಗಿದ್ದರೆ ವಾಯು ಎಂದೋ, ಬಟ್ಟೆ ಒಗೆದ ಆಯಾಸವೆಂದೋ ತಳ್ಳಿ ಹಾಕಬೇಡಿ. ಅದು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತ ಇರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ದೇಹದ ರೋಗನಿರೋಧಕ ಶಕ್ತಿಯು ದಾರಿ ತಪ್ಪಿ ಗಂಟುಗಳ ಒಳಪದರದ ಮೇಲೆಯೇ ದಾಳಿ ಮಾಡುವುದು ಈ ರೋಗದ ಬಗೆ. ಪದರ ಊದಿ ದಪ್ಪವಾಗುತ್ತದೆ, ನೀರು ತುಂಬುತ್ತದೆ, ಕ್ರಮೇಣ ಎಲುಬನ್ನೇ ಕೊರೆಯತೊಡಗುತ್ತದೆ. ಹೀಗೆ ಕೊರೆದ ಎಲುಬು ಸಾಮಾನ್ಯವಾಗಿ ಮತ್ತೆ ಮೊದಲಿನಂತಾಗುವುದಿಲ್ಲ. ಎಕ್ಸ್‌ರೇಯಲ್ಲಿ ಮುಖ್ಯವಾಗಿ ಕಾಣುವುದು ಈ ಹಾನಿ. ಅದಕ್ಕಿಂತ ಮೊದಲಿನ ಉರಿಯೂತ ಅಲ್ಲ. ಎಕ್ಸ್‌ರೇ ನಾರ್ಮಲ್ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ.

ಉರಿಯೂತವನ್ನೇ ನೋಡಬೇಕೆಂದರೆ ಎರಡು ದಾರಿಗಳಿವೆ. ಮೊದಲನೆಯದು ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್. ಗಂಟಿನ ಮೇಲೆ ಜೆಲ್ ಹಚ್ಚಿ ನೋಡಿದಾಗ ದಪ್ಪವಾದ ಪದರ, ಒಳಗಿನ ನೀರು, ಸ್ನಾಯುರಜ್ಜುಗಳ ಸುತ್ತಲಿನ ಊತ ಕಾಣುತ್ತವೆ. ಪವರ್ ಡಾಪ್ಲರ್ ಎಂಬ ವ್ಯವಸ್ಥೆಯಿದ್ದರೆ ಅಲ್ಲಿ ಹೆಚ್ಚಿದ ರಕ್ತ ಸಂಚಾರ ಬಣ್ಣದಲ್ಲಿ ಮೂಡುತ್ತದೆ. ಬೆಂಕಿ ಇನ್ನೂ ಉರಿಯುತ್ತಿದೆಯೇ, ಬೂದಿ ಮಾತ್ರ ಉಳಿದಿದೆಯೇ ಎಂದು ಹೇಳುವುದು ಈ ಬಣ್ಣವೇ. ವಿಕಿರಣದ ಭಯವಿಲ್ಲ, ಖರ್ಚೂ ಕಡಿಮೆ, ಒಂದೇ ಸಲಕ್ಕೆ ಹಲವು ಗಂಟುಗಳನ್ನು ನೋಡಬಹುದು. ಆದರೆ ಎಲ್ಲವೂ ನೋಡುವವರ ಕೈಯಲ್ಲಿದೆ. ಉಪಕರಣವನ್ನು ಗಟ್ಟಿಯಾಗಿ ಒತ್ತಿದರೂ ಆ ಬಣ್ಣ ಮಾಯವಾದೀತು. ಹೊಟ್ಟೆಯ ಸ್ಕ್ಯಾನ್ ಚೆನ್ನಾಗಿ ಮಾಡುವವರೆಲ್ಲ ಗಂಟಿನ ಸ್ಕ್ಯಾನ್‌ನಲ್ಲಿ ಪಳಗಿದವರಲ್ಲ. ಇದನ್ನು ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ.

ಅಲ್ಟ್ರಾಸೌಂಡ್‌ನ ಅಲೆಗಳು ಎಲುಬನ್ನು ದಾಟಿ ಹೋಗಲಾರವು. ಎಂಆರ್‌ಐಯ ಹೆಚ್ಚುಗಾರಿಕೆ ಇರುವುದು ಅಲ್ಲೇ. ಎಲುಬಿನೊಳಗಿನ ಮಜ್ಜೆಯ ಊತವನ್ನೂ ಅದು ತೋರಿಸುತ್ತದೆ. ಮಜ್ಜೆ ಊದಿದ ಜಾಗದಲ್ಲಿ ಮುಂದೆ ಎಲುಬು ಸವೆಯುವ ಸಂಭವ ಹೆಚ್ಚು. ಹಾಗೆಂದು ಅದರಲ್ಲಿ ಕಂಡದ್ದೆಲ್ಲ ರೋಗವಲ್ಲ. ಆರೋಗ್ಯವಂತರ ಕೈಯಲ್ಲೂ, ವಯಸ್ಸಾದಂತೆ, ಸಣ್ಣಪುಟ್ಟ ಉರಿಯೂತ ಎಂಆರ್‌ಐಯಲ್ಲಿ ಕಾಣುವುದುಂಟು. ಸಾಮಾನ್ಯವಾಗಿ ದೇಹದ ಒಂದು ಭಾಗವನ್ನಷ್ಟೇ ನೋಡಲಾಗುತ್ತದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು, ಸದ್ದೂ ಜೋರು. ಬಳೆ, ಉಂಗುರ, ಶಾಲಿನ ಪಿನ್ನು ಎಲ್ಲವನ್ನೂ ತೆಗೆದಿಡಬೇಕು. ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆಯಿದ್ದರೆ, ಬಸುರಿಯಾಗಿದ್ದರೆ ಮೊದಲೇ ತಿಳಿಸಿ. ಇಂಜೆಕ್ಷನ್ ಮೂಲಕ ಕೊಡುವ ಕಾಂಟ್ರಾಸ್ಟ್ ಔಷಧಿ ಎಲ್ಲರಿಗೂ ಆಗುವುದಿಲ್ಲ.

ವೈದ್ಯರ ಕೈಗೆ ತಿಳಿಯದ ಉರಿಯೂತವನ್ನು ಇವೆರಡೂ ಹಿಡಿಯುತ್ತವೆ ಎಂಬುದನ್ನು ಯುರೋಪಿನ ತಜ್ಞರು 2013ರಲ್ಲೇ ಒಪ್ಪಿದ್ದಾರೆ. ಹಾಗಾದರೆ ಪ್ರತಿ ಭೇಟಿಗೂ ಸ್ಕ್ಯಾನ್ ಮಾಡಿಸಿದರೆ ಒಳ್ಳೆಯದಲ್ಲವೇ? 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ನೋಡಿ ಔಷಧಿ ಹೆಚ್ಚಿಸಿದವರಿಗೆ, ಕೈಯಿಂದ ಗಂಟು ಮುಟ್ಟಿ ನೋಡಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಲಾಭವಾಗಲಿಲ್ಲ. 2019ರಲ್ಲಿ ಡೆನ್ಮಾರ್ಕಿನಲ್ಲಿ, ರೋಗ ಹತೋಟಿಗೆ ಬಂದಿದ್ದ 200 ಮಂದಿಯಲ್ಲಿ ಎಂಆರ್‌ಐ ಬಳಸಿ ನೋಡಿದಾಗಲೂ ಮುಖ್ಯ ಫಲಿತಾಂಶಗಳಲ್ಲಿ ಲಾಭ ಕಾಣಲಿಲ್ಲ. ಕಂಡದ್ದಕ್ಕೆಲ್ಲ ಔಷಧಿ ಏರಿಸುತ್ತಾ ಹೋಗಬೇಕಿಲ್ಲ ಎಂದಾಯಿತು.

ಆದ್ದರಿಂದ ಎಂಆರ್‌ಐಗೆ ಹಣ ಹೊಂದಿಸಲು ಕಿವಿಯ ಓಲೆ ಅಡವಿಡುವ ಮೊದಲು, ‘ಇದರಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ ಡಾಕ್ಟರೇ?’ ಎಂದು ಕೇಳಿ. ಊತ ಕಣ್ಣಿಗೇ ಕಾಣುತ್ತಿದ್ದು, ರಕ್ತ ಪರೀಕ್ಷೆಯೂ ಅದನ್ನೇ ಹೇಳಿದರೆ ಸ್ಕ್ಯಾನ್ ಇಲ್ಲದೆಯೇ ಚಿಕಿತ್ಸೆ ಆರಂಭಿಸಬಹುದು. ನೋವಿದೆ, ಊತ ಕಾಣುವುದಿಲ್ಲ, ರಕ್ತ ಪರೀಕ್ಷೆಯೂ ಸ್ಪಷ್ಟವಿಲ್ಲ ಎಂದಾಗ ನನ್ನ ದೃಷ್ಟಿಯಲ್ಲಿ ಮೊದಲು ಅಲ್ಟ್ರಾಸೌಂಡ್ ಸಾಕು. ಅದರಲ್ಲೂ ಅನುಮಾನ ಉಳಿದರೆ ಎಂಆರ್‌ಐ. ಸ್ಕ್ಯಾನ್‌ಗೆ ಹೋಗುವಾಗ ಈಚೆಗೆ ನುಂಗಿದ ನೋವಿನ ಮಾತ್ರೆಗಳ, ಅದರಲ್ಲೂ ಸ್ಟೀರಾಯ್ಡ್‌ನ ಚೀಟಿ ಜೊತೆಗಿರಲಿ. ಸ್ಟೀರಾಯ್ಡ್ ಉರಿಯೂತವನ್ನು ತಾತ್ಕಾಲಿಕವಾಗಿ ಅಡಗಿಸಿ, ವರದಿ ಚೆನ್ನಾಗಿಯೇ ಇರುವಂತೆ ತೋರಿಸಬಲ್ಲದು.