ಮುರಿದುಕೊಂಡವರು ಲೆಕ್ಕ ಕೊಡಲೇಬೇಕು

ಸಂಬಳದಲ್ಲಿ ತೆರಿಗೆ ಮುರಿದುಕೊಂಡು ಅದಕ್ಕೆ ಪ್ರಮಾಣಪತ್ರವಾದ ಫಾರ್ಮ್ 16 ಕೊಡದ ಮಾಲೀಕ ಕಾನೂನು ಮುರಿದಿದ್ದಾನೆ. ಮುರಿದುಕೊಂಡ ಹಣವನ್ನು ಸರ್ಕಾರಕ್ಕೆ ಕಟ್ಟದೆ ಉಳಿಸಿಕೊಂಡಿದ್ದರೆ ಅವನು ಅಪರಾಧಿ. ಆ ಅಪರಾಧಿಯನ್ನು ಹಿಡಿಯುವ ಬದಲು ನೌಕರನಿಗೆ ಬಾಕಿ ನೋಟಿಸ್ ಕಳಿಸುವ ಆದಾಯ ತೆರಿಗೆ ಇಲಾಖೆಯೂ ತಪ್ಪು ಮಾಡುತ್ತಿದೆ. ಮೂವರಲ್ಲಿ ತಪ್ಪಿಲ್ಲದವನು ನೌಕರ ಒಬ್ಬನೇ. ಪ್ರತಿ ಜೂನ್, ಜುಲೈನಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವವನು ಮಾತ್ರ ಅವನೇ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ತೆರಿಗೆ ವ್ಯವಸ್ಥೆಯ ನಿಯಮವಾಗಲು ಬಿಡಬಾರದು.

ಸಿರುಗುಪ್ಪ ತಾಲ್ಲೂಕಿನ ರಾರಾವಿಯಂಥ ಊರಿಗೆ ಆದಾಯ ತೆರಿಗೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಈ ಊರುಗಳ ಮಕ್ಕಳು ಈಗ ಭತ್ತದ ಗದ್ದೆಯಲ್ಲಷ್ಟೇ ದುಡಿಯುತ್ತಿಲ್ಲ. ಸಿರುಗುಪ್ಪದ ರೈಸ್ ಮಿಲ್‌ಗಳ ಲೆಕ್ಕ ಬರೆಯುತ್ತಾರೆ, ಬಳ್ಳಾರಿಯ ಖಾಸಗಿ ಕಾಲೇಜುಗಳಲ್ಲಿ ಪಾಠ ಹೇಳುತ್ತಾರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ಪಾಳಿ ಮಾಡುತ್ತಾರೆ, ಬೆಂಗಳೂರಿನ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಇವರಲ್ಲಿ ಬಹಳ ಜನರ ಪಗಾರ ತೆರಿಗೆ ಕಟ್ಟುವಷ್ಟಿರುವುದಿಲ್ಲ. ಆದರೂ ಕಡಿತ ಮಾತ್ರ ನಡೆಯುತ್ತದೆ.

ಒಂದು ಲೆಕ್ಕ ನೋಡಿ. ತಿಂಗಳಿಗೆ 30,000 ರೂಪಾಯಿಗೆ ದುಡಿಯುವ ಯುವಕನನ್ನು ನೌಕರನೆಂದು ತೋರಿಸದೆ ಸಂಸ್ಥೆಯೊಂದು ‘ವೃತ್ತಿಪರ ಶುಲ್ಕ’ದ ಲೆಕ್ಕಕ್ಕೆ ಹಾಕುತ್ತದೆ. ಆಗ 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಸೆಕ್ಷನ್ ಪ್ರಕಾರ ಶೇ 10 ಕಡಿತ. ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ. ಅವನ ವರ್ಷದ ಒಟ್ಟು ಗಳಿಕೆ 3.6 ಲಕ್ಷ. 2025–26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, ರಿಯಾಯಿತಿ ಸೇರಿದರೆ 12 ಲಕ್ಷದವರೆಗೂ ಇಲ್ಲ. ಅಂದರೆ ಆ 36,000 ಪೂರ್ತಿ ಅವನದೇ. ಒಂದು ತಿಂಗಳ ದುಡಿಮೆಗಿಂತ ಹೆಚ್ಚಿನ ಹಣ. ಅದು ವಾಪಸ್ ಬರಬೇಕಾದರೆ ಅವನು ರಿಟರ್ನ್ ಸಲ್ಲಿಸಬೇಕು, ರಿಟರ್ನ್‌ನಲ್ಲಿ ತೋರಿಸಿದ ಕಡಿತ ಸರ್ಕಾರದ ಖಾತೆಯಲ್ಲೂ ಕಾಣಬೇಕು. ಸಂಸ್ಥೆ ಹಣ ಕಟ್ಟಿಲ್ಲ, ಪ್ರಮಾಣಪತ್ರವನ್ನೂ ಕೊಟ್ಟಿಲ್ಲ ಎಂದರೆ ಬಡವನ ಒಂದು ತಿಂಗಳ ಅನ್ನ ಯಾರದೋ ಮೇಜಿನ ಡ್ರಾಯರಿನಲ್ಲಿ ಉಳಿದಂತೆ.

ಕಾನೂನು ಇಲ್ಲಿ ತೊದಲುವುದಿಲ್ಲ. ಸಂಬಳದಿಂದ ತೆರಿಗೆ ಮುರಿಯುವ ಹೊಣೆ 1961ರ ಕಾಯ್ದೆಯ 192ನೇ ಸೆಕ್ಷನ್‌ನಲ್ಲಿದೆ, ಅದಕ್ಕೆ ಪ್ರಮಾಣಪತ್ರ ಕೊಡುವ ಹೊಣೆ 203ರಲ್ಲಿದೆ. ಒಂದು ತಿಂಗಳು ಮುರಿದದ್ದನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್‌ ತಿಂಗಳದ್ದಕ್ಕೆ ಏಪ್ರಿಲ್ 30ರವರೆಗೆ ಅವಕಾಶ. ಕೊನೆಯ ತ್ರೈಮಾಸಿಕದ ವಿವರ ಮೇ 31ರೊಳಗೆ ಸಲ್ಲಿಕೆಯಾಗಬೇಕು, ಜೂನ್ 15ರೊಳಗೆ ಫಾರ್ಮ್ 16 ನೌಕರನ ಕೈಗೆ ಬರಬೇಕು. ಪ್ರಮಾಣಪತ್ರ ಕೊಡದಿದ್ದರೆ 272ಎ ಸೆಕ್ಷನ್ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ, ಮುರಿದ ತೆರಿಗೆಯ ಮೊತ್ತದವರೆಗೆ. ವಿವರ ಸಲ್ಲಿಸಲು ತಡ ಮಾಡಿದರೆ ದಿನಕ್ಕೆ 200 ರೂಪಾಯಿ. ಮುರಿದು ಕಟ್ಟದಿದ್ದರೆ ತಿಂಗಳಿಗೆ ಶೇ 1.5 ಬಡ್ಡಿ. ಅದರಾಚೆಗೆ 276ಬಿ ಸೆಕ್ಷನ್‌ನಲ್ಲಿ ಸೆರೆವಾಸಕ್ಕೂ ಅವಕಾಶವಿದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾದರೂ ಮುರಿದವರು ಪ್ರಮಾಣಪತ್ರ ಕೊಡಬೇಕೆಂಬ ಹೊಣೆ ಹಾಗೇ ಇದೆ. ಅದಕ್ಕೂ ಹಿಂದಿನ ಗಳಿಕೆಗೆ ಹಳೆಯ ಕಾಯ್ದೆಯೇ ಅನ್ವಯ.

ಇಷ್ಟಿದ್ದೂ ಸಬೂಬುಗಳಿಗೆ ಬರವಿಲ್ಲ. “ಆಡಿಟರ್ ಕಡೆ ಐತಿ, ಬರ್ತೈತಿ ತಡಿ” ಎನ್ನುತ್ತಾರೆ. ಕೆಲಸ ಬಿಟ್ಟವನಿಗಂತೂ “ಮೊದ್ಲು ನೋಟಿಸ್ ಪೀರಿಯಡ್ ದುಡ್ಡು ಕಟ್ಟು, ಆಮೇಲೆ ಫಾರ್ಮು” ಎಂದು ಷರತ್ತು ಹಾಕುತ್ತಾರೆ. ಇಂಥ ಷರತ್ತಿಗೆ ಕಾನೂನಿನಲ್ಲಿ ಜಾಗವಿಲ್ಲ. ನೌಕರನ ಜತೆ ಮಾಲೀಕನಿಗೆ ಬೇರೆ ತಕರಾರು ಇದ್ದರೆ ಅದಕ್ಕೆ ಬೇರೆ ದಾರಿ ಇದೆ, ತೆರಿಗೆಯ ಪ್ರಮಾಣಪತ್ರವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ. ತೆರಿಗೆಯನ್ನೇ ಮುರಿದಿಲ್ಲ ಎನ್ನುವವರ ಮಾತು ಬೇರೆ. ಅವರಿಗೆ 203ರ ಅಡಿ ಫಾರ್ಮ್ 16 ಕೊಡುವ ಕಡ್ಡಾಯವಿಲ್ಲ. ಆದರೆ ವೇತನ ಚೀಟಿ ಕೊಡಲೇಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಅದನ್ನು ಎಲ್ಲ ಮಾಲೀಕರ ಮೇಲೂ ಹೊರಿಸಿದೆ.

ಹಾಗಾದರೆ ನೌಕರ ಏನು ಮಾಡಬೇಕು? ಮೊದಲನೆಯದಾಗಿ, ಕಾಯುವುದನ್ನು ಬಿಡಬೇಕು. ಫಾರ್ಮ್ 16 ಇಲ್ಲದೆ ರಿಟರ್ನ್ ಸಲ್ಲಿಸಲು ಬರುವುದಿಲ್ಲ ಎಂಬುದು ಸುಳ್ಳು. ರಿಟರ್ನ್ ಜತೆ ಅದನ್ನು ಲಗತ್ತಿಸಬೇಕಾಗಿಯೇ ಇಲ್ಲ. ಪಾನ್ ಸಂಖ್ಯೆಯಿಂದ ಇಲಾಖೆಯ ಇ–ಫೈಲಿಂಗ್ ಜಾಲತಾಣಕ್ಕೆ ಹೋದರೆ 26ಎಎಸ್ ಎಂಬ ಪಟ್ಟಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮಾಲೀಕನ ಹೆಸರು, ತೆರಿಗೆ ಮುರಿಯುವವರಿಗೆ ಇಲಾಖೆ ಕೊಡುವ ಟ್ಯಾನ್ ಸಂಖ್ಯೆ, ಯಾವ ಸೆಕ್ಷನ್, ಯಾವ ದಿನಾಂಕ, ಎಷ್ಟು ಮುರಿದರು, ಎಷ್ಟು ಕಟ್ಟಿದರು ಎಂಬುದೆಲ್ಲ ಸಾಲುಸಾಲಾಗಿ ಇರುತ್ತದೆ. ಸಾಲಿನಲ್ಲಿ ‘ಎಫ್’ ಎಂಬ ಅಕ್ಷರ ಇದ್ದರೆ ಹಣ ಸಂದಿದೆ, ಲೆಕ್ಕ ಹೊಂದಿದೆ. ‘ಯು’ ಇದ್ದರೆ ಹೊಂದಿಲ್ಲ. 192ರ ಎದುರು ಇರಬೇಕಾದ ಸಂಬಳ 194ಜೆ ಎದುರು ಕುಳಿತಿದೆಯೇ ಎಂಬುದೂ ಇಲ್ಲೇ ಬಯಲಾಗುತ್ತದೆ. ಮೂರು ತ್ರೈಮಾಸಿಕ ಇದ್ದು ನಾಲ್ಕನೆಯದು ಖಾಲಿ ಇದ್ದರೆ ಮಾಲೀಕ ಎಲ್ಲಿ ತಪ್ಪಿದ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯದಾಗಿ, ಕೇಳುವುದನ್ನು ಬರಹದಲ್ಲೇ ಕೇಳಬೇಕು. ಫೋನಿನ ಮಾತಿಗೆ ಸಾಕ್ಷಿ ಇಲ್ಲ. ಇ–ಮೇಲ್ ಕಳಿಸಿ, ಉತ್ತರ ಬರದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ಮೂರನೆಯದಾಗಿ, ಎಲ್ಲ ತಿಂಗಳ ವೇತನ ಚೀಟಿ ಮತ್ತು ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳನ್ನು ಒಟ್ಟು ಮಾಡಬೇಕು. ಚೀಟಿಯಲ್ಲಿ ಒಟ್ಟು ಪಗಾರ, ಟಿಡಿಎಸ್ ಅಂದರೆ ಮೂಲದಲ್ಲೇ ಮುರಿದ ತೆರಿಗೆ, ಕೈಗೆ ಬಂದ ಮೊತ್ತ ಇರುತ್ತದೆ. ಆ ಕೊನೆಯ ಮೊತ್ತವೇ ಬ್ಯಾಂಕಿಗೂ ಬಂದಿದ್ದರೆ ಕಡಿತ ನಡೆದದ್ದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಡ. ನಾಲ್ಕನೆಯದಾಗಿ, ನಿಜವಾದ ಅಂಕಿಗಳನ್ನೇ ಹಾಕಿ ಗಡುವಿನೊಳಗೆ ರಿಟರ್ನ್ ಸಲ್ಲಿಸಬೇಕು. ತಡವಾದರೆ ಗಳಿಕೆ 5 ಲಕ್ಷ ದಾಟಿದವರಿಗೆ 5,000 ರೂಪಾಯಿ ಶುಲ್ಕ ಬೀಳುತ್ತದೆ. ಆ ಶುಲ್ಕ ಮಾಲೀಕನ ತಲೆಗೆ ಬೀಳುವುದಿಲ್ಲ, ನೌಕರನ ತಲೆಗೇ ಬೀಳುತ್ತದೆ. ಐದನೆಯದಾಗಿ, ಮಾಲೀಕನ ಟ್ಯಾನ್ ಸಂಖ್ಯೆ ಹಾಕಿ ಇಲಾಖೆಯ ಟಿಡಿಎಸ್ ಅಧಿಕಾರಿಗೆ ದೂರು ಕೊಡಬೇಕು, ಜಾಲತಾಣದ ದೂರು ವಿಭಾಗದಲ್ಲೂ ದಾಖಲಿಸಬೇಕು.

ಇಲ್ಲೊಂದು ಕಟ್ಟೆಚ್ಚರ ಬೇಕು. ಫಾರ್ಮ್ ಬಂದಿಲ್ಲ ಎಂದು ಅಂದಾಜು ಅಂಕಿ ತುಂಬಿ, ಇಲ್ಲದ ವಿನಾಯಿತಿ ಸೇರಿಸಿ “ಜಾಸ್ತಿ ರೀಫಂಡ್ ತರಿಸಿ ಕೊಡ್ತೀನಿ” ಎನ್ನುವ ಏಜೆಂಟರ ಕೈಗೆ ಪಾನ್, ಪಾಸ್‌ವರ್ಡ್ ಕೊಡಬೇಡಿ. ಸುಳ್ಳು ವಿವರಕ್ಕೆ ತೆರಿಗೆಯ ಶೇ 200 ದಂಡವಿದೆ. ಆಗ ಏಜೆಂಟ್ ಮಾಯವಾಗಿರುತ್ತಾನೆ, ದಂಡ ಕಟ್ಟುವವರು ನೀವು.

ಇಷ್ಟೆಲ್ಲ ಮಾಡಿದ ಮೇಲೂ “ನಿಮ್ಮ ತೆರಿಗೆ ಬಾಕಿ ಇದೆ” ಎಂದು ಇಲಾಖೆಯ ಸೂಚನೆ ಬಂದರೆ ಹೆದರಿ ಕಟ್ಟಬೇಡಿ. 1961ರ ಕಾಯ್ದೆಯ 205ನೇ ಸೆಕ್ಷನ್ ನಿಮ್ಮ ಪರವಾಗಿದೆ. ಮೂಲದಲ್ಲೇ ಮುರಿದಿರುವಷ್ಟು ತೆರಿಗೆಯನ್ನು ಮತ್ತೆ ಕಟ್ಟು ಎಂದು ನೌಕರನನ್ನು ಕೇಳುವಂತಿಲ್ಲ ಎಂದು ಅದು ಹೇಳುತ್ತದೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಇದಕ್ಕೆ ನಮ್ಮ ನಾಡಿನ ದೊಡ್ಡ ಉದಾಹರಣೆ. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದ ಆ ಸಂಸ್ಥೆ ನೌಕರರ ಸಂಬಳದಲ್ಲಿ ಮುರಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿರಲಿಲ್ಲ. ಇಲಾಖೆ ಬೆನ್ನು ಹತ್ತಿದ್ದು ನೌಕರರನ್ನು. 2018ರಲ್ಲಿ ಗುಜರಾತ್ ಹೈಕೋರ್ಟ್ ಆ ಸಂಸ್ಥೆಯ ಪೈಲಟ್ ಒಬ್ಬರ ಪರ ನಿಂತಿತು. 2023ರಲ್ಲಿ ದೆಹಲಿ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಬಾಕಿ ಕೇಳುವುದಷ್ಟೇ ಅಲ್ಲ, ಮುಂದಿನ ರೀಫಂಡ್‌ನಲ್ಲಿ ಅದನ್ನು ಹೊಂದಿಸಿಕೊಳ್ಳುವುದೂ ತಪ್ಪು ಎಂದಿತು. ಅವಕ್ಕೂ ಮೊದಲೇ, 2015ರ ಜೂನ್ 1ರಂದು, ಕೇಂದ್ರ ನೇರ ತೆರಿಗೆ ಮಂಡಳಿಯೇ ಇಂಥ ಬಾಕಿಯನ್ನು ಬಲವಂತದಿಂದ ವಸೂಲಿ ಮಾಡಬೇಡಿ ಎಂದು ತನ್ನ ಅಧಿಕಾರಿಗಳಿಗೆ ಪತ್ರ ಬರೆದಿತ್ತು. 2016ರ ಮಾರ್ಚ್‌ನಲ್ಲಿ ಅದನ್ನೇ ಮತ್ತೆ ನೆನಪಿಸಿತು. ಜಾಲತಾಣದಲ್ಲಿ ‘ಬಾಕಿಗೆ ಒಪ್ಪಿಗೆ ಇಲ್ಲ’ ಎಂದು ದಾಖಲಿಸಿ, 205ನೇ ಸೆಕ್ಷನ್ ಮತ್ತು ಮಂಡಳಿಯ ಈ ಪತ್ರವನ್ನು ಉಲ್ಲೇಖಿಸಿ, ವೇತನ ಚೀಟಿಗಳನ್ನು ಲಗತ್ತಿಸಿ.

ಪೈಲಟ್‌ಗಳು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಸಿರುಗುಪ್ಪದ ಲೆಕ್ಕದ ಗುಮಾಸ್ತ ಹತ್ತಬಲ್ಲನೇ? ಇಲಾಖೆಯ ಮೇಲಿನ ನಮ್ಮ ಆಕ್ಷೇಪ ಇರುವುದು ಇಲ್ಲೇ. ಒಬ್ಬ ನೌಕರನ ಹೆಸರು ಮೂರು ತ್ರೈಮಾಸಿಕ ಬಂದು ನಾಲ್ಕನೆಯದರಲ್ಲಿ ಇಲ್ಲವಾದರೆ ಅದು ಮೊದಲು ಗೊತ್ತಾಗುವುದು ಇಲಾಖೆಯ ಕಂಪ್ಯೂಟರಿಗೆ. ಮಾಲೀಕನ ಟ್ಯಾನ್, ವಿಳಾಸ, ಬ್ಯಾಂಕ್ ವಿವರ ಎಲ್ಲವೂ ಇರುವುದು ಇಲಾಖೆಯ ಬಳಿ. ದಂಡ ಹಾಕುವ, ಮೊಕದ್ದಮೆ ಹೂಡುವ ಅಧಿಕಾರವೂ ಅದರದೇ. ಇದೆಲ್ಲವನ್ನೂ ಕೈಯಲ್ಲಿ ಇಟ್ಟುಕೊಂಡು, ಏನೂ ಇಲ್ಲದ ನೌಕರನಿಂದ ಪುರಾವೆ ಕೇಳುವುದು ಅನ್ಯಾಯ.

ಆದ್ದರಿಂದ ಇಲಾಖೆ ಮೂರು ಕೆಲಸ ಮಾಡಬೇಕು. ವೇತನ ಚೀಟಿ ಮತ್ತು ಬ್ಯಾಂಕ್ ಜಮೆ ಹೊಂದಿದರೆ ನೌಕರನ ಮೇಲಿನ ಬಾಕಿಯನ್ನು ಅಲ್ಲಿಗೇ ತಡೆದು, ನೋಟಿಸನ್ನು ಮಾಲೀಕನ ವಿಳಾಸಕ್ಕೆ ತಿರುಗಿಸಬೇಕು. ಜೂನ್ 15 ದಾಟಿದರೆ ದೂರು ಬರುವವರೆಗೆ ಕಾಯದೆ ದಿನಕ್ಕೆ 500ರ ದಂಡದ ಕ್ರಮ ಆರಂಭಿಸಬೇಕು. ಜೂನ್, ಜುಲೈನಲ್ಲಿ ಸಿರುಗುಪ್ಪ, ಕುರುಗೋಡಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿಯ ದೂರು ಶಿಬಿರ ನಡೆಸಬೇಕು. ಇದೇ ನಿಯಮ ಸರ್ಕಾರಿ ಕಚೇರಿಗಳಿಗೂ ಅನ್ವಯವಾಗಲಿ. ಹೊರಗುತ್ತಿಗೆ ಸಿಬ್ಬಂದಿಯನ್ನು ದುಡಿಸಿಕೊಳ್ಳುವ ಇಲಾಖೆ, ಮುಂದಿನ ಬಿಲ್ ಪಾಸು ಮಾಡುವ ಮುನ್ನ ಗುತ್ತಿಗೆದಾರನಿಂದ ಹಿಂದಿನ ತ್ರೈಮಾಸಿಕದ ಟಿಡಿಎಸ್ ವಿವರ ಕೇಳಿ ಪಡೆಯಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವ ಕಾನೂನನ್ನು ನಡೆಸುವ ಮನಸ್ಸು ಸಾಕು.

ಬಳ್ಳಾರಿ ಜಿಲ್ಲೆಯ ಮಾಲೀಕರಿಗೂ ನಮ್ಮ ಮಾತು ಇಷ್ಟೇ. ನೌಕರನ ಸಂಬಳದಿಂದ ಮುರಿದ ಹಣ ನಿಮ್ಮದಲ್ಲ. ವ್ಯಾಪಾರ ಬಿದ್ದುಹೋಯಿತು, ಬಿಲ್ ಬಂದಿಲ್ಲ ಎಂಬ ಕಾರಣಕ್ಕೆ ಅದನ್ನು ಬಂಡವಾಳವಾಗಿ ತಿರುಗಿಸಿಕೊಳ್ಳುವುದು ಕಳ್ಳತನ. ಅದನ್ನು ಕಟ್ಟಿ, ಪ್ರಮಾಣಪತ್ರ ಕೊಡಿ. ಕೊಡದವರನ್ನು ಕಟಕಟೆಗೆ ತಂದು ನಿಲ್ಲಿಸುವುದು ಇಲಾಖೆಯ ಕರ್ತವ್ಯ. ಆ ಕರ್ತವ್ಯದಲ್ಲಿ ಇಲಾಖೆ ಎಷ್ಟು ದಿನ ಹಿಂದೆ ಬೀಳುತ್ತದೋ ಅಷ್ಟು ದಿನ ನೌಕರನಿಂದ ಒಂದು ರೂಪಾಯಿ ಬಾಕಿ ಕೇಳುವ ನೈತಿಕ ಹಕ್ಕು ಅದಕ್ಕಿಲ್ಲ.