ಇಪ್ಪತ್ತು ರೂಪಾಯಿ ಶುಲ್ಕದಿಂದ ಸಾವಿರ ಕೋಟಿ ನಿಧಿಗೆ: ಕಾಮತ್ ಬಂಡವಾಳ ಸೊರಬ ತಲುಪುವುದೆಂದು?

ಶಿಕಾರಿಪುರ/ಸೊರಬ: ಮುಂಬಯಿಯ ಷೇರುಪೇಟೆ ಬೆಳಿಗ್ಗೆ ಒಂಬತ್ತೂಕಾಲಕ್ಕೆ ತೆರೆಯುತ್ತದೆ, ಮಧ್ಯಾಹ್ನ ಮೂರೂವರೆಗೆ ಮುಚ್ಚುತ್ತದೆ. ಒಂದು ಕಾಲದಲ್ಲಿ ಈ ವೇಳಾಪಟ್ಟಿಗೂ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ದಿನಚರಿಗೂ ಯಾವ ಸಂಬಂಧವೂ ಇರಲಿಲ್ಲ. ಇಲ್ಲಿ ಧಾರಣೆ ಎಂದರೆ ಅಡಿಕೆಯ ಧಾರಣೆ, ಮೆಕ್ಕೆಜೋಳದ ಧಾರಣೆ, ಶುಂಠಿಯ ಧಾರಣೆ. ಷೇರು ಕೊಳ್ಳಬೇಕೆಂದರೆ ದೂರದ ಪೇಟೆಯ ದಲ್ಲಾಳಿಯ ಕಚೇರಿ ಹುಡುಕಿಕೊಂಡು ಹೋಗಬೇಕಿತ್ತು. ಇಂದು ಅದಕ್ಕೆ ಅಂಗೈಯಲ್ಲಿರುವ ಮೊಬೈಲ್ ಸಾಕು. ಈ ಅಂತರವನ್ನು ಅಳಿಸಿಹಾಕಿದವರಲ್ಲಿ ಮುಂಚೂಣಿಯಲ್ಲಿ ನಿಲ್ಲುವ ಹೆಸರು ಇದೇ ಜಿಲ್ಲೆಯ ಶಿವಮೊಗ್ಗದಲ್ಲಿ 1979ರಲ್ಲಿ ಜನಿಸಿದ ನಿತಿನ್ ಕಾಮತ್ ಅವರದು.

ಆನ್‌ಲೈನ್ ಷೇರು ದಲ್ಲಾಳಿ ಸಂಸ್ಥೆ ಝೆರೋಧಾದ ಸ್ಥಾಪಕರಾದ ಕಾಮತ್ ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾಗುತ್ತಿರುವುದು ಬೇರೊಂದು ಕಾರಣಕ್ಕೆ. ಅವರೀಗ ನವೋದ್ಯಮಗಳಿಗೆ ಹಣ ಹೂಡುವವರು. ಅವರು ಹೇಗೆ ಶ್ರೀಮಂತರಾದರು ಎಂಬ ಕಥೆ ಈಗಾಗಲೇ ಹಲವು ಬಾರಿ ಅಚ್ಚಾಗಿದೆ. ಅವರ ನಿಧಿಗೆ ಹಣ ಎಲ್ಲಿಂದ ಬಂತು, ಅದು ಮರಳಿ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ, ವಿಶೇಷವಾಗಿ ಮಲೆನಾಡಿನ ಅಂಚಿನ ಈ ಎರಡು ತಾಲ್ಲೂಕುಗಳಲ್ಲಿ ನಿಂತು, ಕೇಳಿದವರು ಕಡಿಮೆ.

ಕಾಮತ್ ಅವರ ತಂದೆ ಕೆನರಾ ಬ್ಯಾಂಕಿನ ಅಧಿಕಾರಿ. ತಾಯಿ ವೀಣೆ ಕಲಿಸುತ್ತಿದ್ದವರು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದ ನಿತಿನ್ ಹದಿಹರೆಯದಲ್ಲೇ ಷೇರು ವಹಿವಾಟಿಗೆ ಇಳಿದು, ಪೇಟೆ ಕುಸಿದಾಗ ಕೈಸುಟ್ಟುಕೊಂಡರು. ಬಳಿಕ ಕೆಲ ವರ್ಷ ರಾತ್ರಿ ಕಾಲ್ ಸೆಂಟರ್ ನೌಕರಿ, ಹಗಲು ಷೇರುಪೇಟೆ. ಮುಂದೆ ದೊಡ್ಡ ಸಂಸ್ಥೆಯೊಂದರ ಉಪದಲ್ಲಾಳಿಯಾದರು. 2010ರ ಆಗಸ್ಟ್ 15ರಂದು ತಮ್ಮ ನಿಖಿಲ್ ಕಾಮತ್ ಜೊತೆಗೂಡಿ ಝೆರೋಧಾ ಆರಂಭಿಸಿದರು. 'ಝೀರೋ' ಎಂಬ ಇಂಗ್ಲಿಷ್ ಪದಕ್ಕೆ ತಡೆ ಎಂಬರ್ಥದ ಸಂಸ್ಕೃತದ 'ರೋಧ' ಸೇರಿಸಿ ಕಟ್ಟಿದ ಹೆಸರಿದು.

ಆಗ ದಲ್ಲಾಳಿಗಳು ವಹಿವಾಟಿನ ಮೊತ್ತಕ್ಕೆ ಶೇಕಡಾವಾರು ಶುಲ್ಕ ವಿಧಿಸುತ್ತಿದ್ದರು. ಹತ್ತು ಸಾವಿರದ ವ್ಯವಹಾರವಿರಲಿ, ಹತ್ತು ಲಕ್ಷದ್ದಿರಲಿ, ಕಂಪ್ಯೂಟರ್ ಮಾಡುವ ಕೆಲಸ ಒಂದೇ ಎಂಬುದು ಕಾಮತ್ ಸಹೋದರರ ಲೆಕ್ಕಾಚಾರ. ಪ್ರತಿ ವ್ಯವಹಾರಕ್ಕೆ ಇಪ್ಪತ್ತು ರೂಪಾಯಿಯ ಸಮಾನ ಶುಲ್ಕ ಎಂದು ಘೋಷಿಸಿದರು. 2015ರ ಡಿಸೆಂಬರ್‌ನಲ್ಲಿ, ಷೇರು ಕೊಂಡು ಇಟ್ಟುಕೊಳ್ಳುವವರಿಗೆ ಅದೂ ಬೇಡವೆಂದರು. ಉಳಿದದ್ದನ್ನು ಕಾಲವೇ ಮಾಡಿತು. 2016ರಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾಯಿತು. ಆಧಾರ್ ಮೂಲಕ ಕುಳಿತಲ್ಲೇ ಖಾತೆ ತೆರೆಯುವುದು ಸಾಧ್ಯವಾಯಿತು. 2020ರ ಕೋವಿಡ್ ಲಾಕ್‌ಡೌನ್ ಜನರನ್ನು ಮನೆಯಲ್ಲಿ ಕೂರಿಸಿತು. 2020ರ ಮಾರ್ಚ್ ವೇಳೆಗೆ ದೇಶದಲ್ಲಿ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು 2024ರ ಮಾರ್ಚ್ ವೇಳೆಗೆ 15 ಕೋಟಿ ದಾಟಿದವು. 2019ರಲ್ಲಿ ಸಕ್ರಿಯ ಗ್ರಾಹಕರ ಸಂಖ್ಯೆಯಲ್ಲಿ ದೇಶದ ಪ್ರಥಮ ಸ್ಥಾನಕ್ಕೇರಿದ ಝೆರೋಧಾವನ್ನು 2023ರಲ್ಲಿ ಹಿಂದಿಕ್ಕಿದ ಗ್ರೋ ಕೂಡ ಬೆಂಗಳೂರಿನದೇ ಸಂಸ್ಥೆ.

ಮಾರದೆಯೇ ಹೂಡಿಕೆದಾರ

ಇಂಟರ್‌ನೆಟ್ ಉದ್ಯಮಿಯೊಬ್ಬ ಹೂಡಿಕೆದಾರನಾಗುವುದು ಬೆಂಗಳೂರಿಗೆ ಹೊಸದಲ್ಲ. ಆದರೆ ಸಾಮಾನ್ಯವಾಗಿ ಅದು ಕಂಪನಿಯನ್ನು ಮಾರಿದ ಮೇಲೆ ನಡೆಯುವ ಕೆಲಸ. ಬಸ್ ಟಿಕೆಟ್ ಮಾರುವ ರೆಡ್‌ಬಸ್ ಕಟ್ಟಿದ ಫಣೀಂದ್ರ ಸಾಮ 2013ರಲ್ಲಿ ಅದನ್ನು ಐಬಿಬೊ ಸಮೂಹಕ್ಕೆ ಮಾರಿದರು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ತೆತ್ತು ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲು ಕೊಂಡ ಬಳಿಕ ಬಿನ್ನಿ ಬನ್ಸಲ್ ಹತ್ತಾರು ನವೋದ್ಯಮಗಳಿಗೆ ಹಣ ಹಾಕಿದರು. ಇವರೆಲ್ಲ ಹೊರಗಿನವರ ಬಂಡವಾಳದಿಂದ ಬೆಳೆದು, ಹೊರಗಿನವರಿಗೆ ಮಾರಿ, ಆ ಹಣವನ್ನು ಮತ್ತೆ ಹೂಡಿದವರು.

ಕಾಮತ್ ಹೊರಗಿನ ಬಂಡವಾಳವನ್ನು ಪಡೆಯಲೂ ಇಲ್ಲ, ಕಂಪನಿಯನ್ನು ಮಾರಲೂ ಇಲ್ಲ. ಝೆರೋಧಾದ ಲಾಭವೇ ಅವರ ಹೂಡಿಕೆಯ ಮೂಲ. ಲಾಭ ಎಷ್ಟೆಂದರೆ, 2022-23ರಲ್ಲಿ 6,875 ಕೋಟಿ ರೂಪಾಯಿ ವರಮಾನಕ್ಕೆ 2,907 ಕೋಟಿ. 2023-24ರಲ್ಲಿ 8,320 ಕೋಟಿ ವರಮಾನಕ್ಕೆ 4,700 ಕೋಟಿ. ಈ ಹಣದ ಒಂದು ಭಾಗ ರೈನ್‌ಮ್ಯಾಟರ್ ಎಂಬ ಅಂಗಸಂಸ್ಥೆಯ ಮೂಲಕ ಹಣಕಾಸು, ಆರೋಗ್ಯ, ಪರಿಸರ ಕ್ಷೇತ್ರಗಳ ಸಣ್ಣ ಕಂಪನಿಗಳಿಗೆ ಹರಿಯುತ್ತಿದೆ. ಸ್ಮಾಲ್‌ಕೇಸ್, ಸೆನ್ಸಿಬುಲ್, ಡಿಟ್ಟೊ ಮುಂತಾದವು ಅದರ ಆಸರೆ ಪಡೆದಂಥವು. 2023ರಲ್ಲಿ ಈ ನಿಧಿಗೆ ಮತ್ತೆ 1,000 ಕೋಟಿ ರೂಪಾಯಿ ಸೇರಿಸುವುದಾಗಿ ಕಾಮತ್ ಪ್ರಕಟಿಸಿದರು. ಹವಾಮಾನ ಬದಲಾವಣೆ ಕುರಿತ ಕೆಲಸಕ್ಕೆಂದೇ ರೈನ್‌ಮ್ಯಾಟರ್ ಪ್ರತಿಷ್ಠಾನ ಬೇರೆ ಇದ್ದು, ಅದಕ್ಕೆ 10 ಕೋಟಿ ಡಾಲರ್ ಮೀಸಲಿಡುವ ಘೋಷಣೆಯಾಗಿದೆ.

ಈ ನಿಧಿಯ ಸ್ವಭಾವವನ್ನು ಅರಿಯಲು ಈ ಭಾಗದ ರೈತನಿಗೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಸಾಮಾನ್ಯ ಸಾಹಸ ಬಂಡವಾಳ ಸಂಸ್ಥೆಗಳು ಪರರ ಹಣವನ್ನು ತಂದು ಹೂಡುತ್ತವೆ. ಏಳೆಂಟು ವರ್ಷ, ಹೆಚ್ಚೆಂದರೆ ಹತ್ತು ವರ್ಷಗಳಲ್ಲಿ ಅದನ್ನು ಬೆಳೆಸಿ ಹಿಂದಿರುಗಿಸಬೇಕು. ಹೀಗಾಗಿ ಕಂಪನಿ ಬೇಗ ಉಬ್ಬಬೇಕು, ಇಲ್ಲವೇ ಮಾರಾಟವಾಗಬೇಕು ಎಂಬ ಒತ್ತಡ ತಪ್ಪಿದ್ದಲ್ಲ. ಇದು ಶುಂಠಿ ಬೇಸಾಯದ ಲೆಕ್ಕ: ಗದ್ದೆಯನ್ನು ಗುತ್ತಿಗೆಗೆ ಹಿಡಿದು, ಒಂದೇ ಬೆಳೆಗೆ ಸುರಿದು, ಧಾರಣೆ ಬಂದರೆ ಕಾರು, ಬಾರದಿದ್ದರೆ ಸಾಲ. 2023ರಲ್ಲಿ ಗಗನಕ್ಕೇರಿದ ಶುಂಠಿ ಧಾರಣೆಯನ್ನು ನಂಬಿ ಮರುವರ್ಷ ಎಕರೆಗಟ್ಟಲೆ ನೆಟ್ಟವರ ಅವಸ್ಥೆ ಈ ಸೀಮೆಯಲ್ಲಿ ಯಾರಿಗೂ ಮರೆತಿಲ್ಲ. ರೈನ್‌ಮ್ಯಾಟರ್‌ನದು ಅಡಿಕೆ ತೋಟದ ಲೆಕ್ಕ. ಸಸಿ ನೆಟ್ಟವನು ಫಸಲು ಕಾಣಲು ಐದಾರು ವರ್ಷ ಕಾಯಬೇಕೆಂದು ಮೊದಲೇ ಬಲ್ಲ. ಹಣ ತಮ್ಮದೇ ಆದ್ದರಿಂದ, ಇಂತಿಷ್ಟೇ ಅವಧಿಯಲ್ಲಿ ಮರಳಿಸಬೇಕೆಂಬ ಷರತ್ತನ್ನು ಕಾಮತ್ ಉದ್ಯಮಿಗಳ ಮೇಲೆ ಹೇರುತ್ತಿಲ್ಲ. ಭಾರತದ ನವೋದ್ಯಮ ಲೋಕದಲ್ಲಿ ಇದು ವಿರಳವೆನ್ನಲು ಅಡ್ಡಿಯಿಲ್ಲ.

ಆದರೆ...

ನಷ್ಟ ಯಾರದು?

ಝೆರೋಧಾದ ಗಳಿಕೆಯ ದೊಡ್ಡ ಪಾಲು ಬರುವುದು ಷೇರು ಕೊಂಡು ಇಟ್ಟುಕೊಳ್ಳುವವರಿಂದಲ್ಲ. ಅವರಿಗೆ ದಲ್ಲಾಳಿ ಶುಲ್ಕವಿರಲಿಲ್ಲವಷ್ಟೆ. ಗಳಿಕೆ ಬರುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಹಿವಾಟಿನಿಂದ. ಸೂಚ್ಯಂಕ ಏರುವುದೋ ಇಳಿಯುವುದೋ ಎಂಬುದರ ಮೇಲೆ ಗಡುವಿನೊಳಗೆ ಆಡುವ ಆಟವಿದು. ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟಿನಲ್ಲಿ ತೊಡಗಿದ ಒಂದು ಕೋಟಿಗೂ ಅಧಿಕ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. ಅವರು ತೆತ್ತ ವಹಿವಾಟು ವೆಚ್ಚವೇ ಸುಮಾರು 50,000 ಕೋಟಿ. ಅದರಲ್ಲಿ ಅರ್ಧದಷ್ಟು ದಲ್ಲಾಳಿ ಸಂಸ್ಥೆಗಳ ಪಾಲು. 2024-25ರಲ್ಲಿಯೂ ಶೇ. 91 ಮಂದಿ ನಷ್ಟ ಅನುಭವಿಸಿದ್ದು, ಆ ಒಂದೇ ವರ್ಷದ ಮೊತ್ತ 1.05 ಲಕ್ಷ ಕೋಟಿ ದಾಟಿತು.

ಈ ಅಧ್ಯಯನದ ಮತ್ತೊಂದು ಅಂಕಿ ಪತ್ರಿಕೆಗಳ ಮುಖಪುಟಕ್ಕೆ ಅಷ್ಟಾಗಿ ಬರಲಿಲ್ಲ. ವಹಿವಾಟುದಾರರಲ್ಲಿ ಶೇ. 72ಕ್ಕೂ ಹೆಚ್ಚು ಜನ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು. ಮುಕ್ಕಾಲು ಪಾಲಿಗಿಂತ ಅಧಿಕ ಮಂದಿಯ ಘೋಷಿತ ವಾರ್ಷಿಕ ಆದಾಯ ಐದು ಲಕ್ಷ ರೂಪಾಯಿಗಿಂತ ಕಡಿಮೆ. ಮೂವತ್ತು ವಯಸ್ಸು ದಾಟದವರ ಪಾಲು ಒಂದೇ ವರ್ಷದಲ್ಲಿ ಶೇ. 31ರಿಂದ 43ಕ್ಕೆ ಏರಿತ್ತು. ದಲಾಲ್ ಸ್ಟ್ರೀಟ್‌ನ ಕೋಟ್ಯಧೀಶರ ವರ್ಣನೆ ಇದಲ್ಲ. ಶಿಕಾರಿಪುರದಂತಹ, ಸೊರಬದಂತಹ ಊರುಗಳಲ್ಲಿ ಪದವಿ ಮುಗಿಸಿ ನೌಕರಿಗೆ ಕಾಯುತ್ತಿರುವ, ಮನೆಯ ಫಸಲಿನ ಹಣ ಕೈಗೆ ಸಿಗುವ ಹುಡುಗರಿಗೆ ಹೊಂದುವ ವರ್ಣನೆ.

ಕಾಮತ್ ಬೆಳೆದ ಮನೆಯ ಹಿನ್ನೆಲೆಯನ್ನು ಇಲ್ಲಿ ನೆನೆಯಬಹುದು. ಕರಾವಳಿ ಕರ್ನಾಟಕ ದೇಶಕ್ಕೆ ಹಲವು ಬ್ಯಾಂಕುಗಳನ್ನು ಕೊಟ್ಟಿತು. 2020ರಲ್ಲಿ ಕೆನರಾದೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಸಂಗ್ರಹಿಸಿತ್ತು. ಮಲೆನಾಡಿನ ಪೇಟೆಬೀದಿಯ ಅಂಗಡಿಯವರಿಗೆ ಪಿಗ್ಮಿ ಏಜೆಂಟ್ ಇಂದಿಗೂ ಅಪರಿಚಿತನಲ್ಲ. ಸಣ್ಣ ಊರಿನ ಸಣ್ಣ ಹಣವನ್ನು ಒಟ್ಟುಗೂಡಿಸುವ ಕಲೆ ಪಿಗ್ಮಿಗೂ ಮೊಬೈಲ್ ಆ್ಯಪ್‌ಗೂ ಸಮಾನ. ಪಿಗ್ಮಿ ಕಟ್ಟಿದವನಿಗೆ ಬಡ್ಡಿ ಸೇರಿ ಹಣ ವಾಪಸಾಗುತ್ತಿತ್ತು, ಬೇಕಾದಾಗ ಸಾಲವೂ ಹುಟ್ಟುತ್ತಿತ್ತು ಎಂಬುದಷ್ಟೇ ವ್ಯತ್ಯಾಸ. ಸಣ್ಣ ವ್ಯತ್ಯಾಸವೇನಲ್ಲ.

ಕಾಮತ್ ಅವರ ಮಟ್ಟಿಗೆ ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ಸಕ್ರಿಯ ವಹಿವಾಟುದಾರರಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಬ್ಯಾಂಕ್ ಠೇವಣಿಗಿಂತ ಹೆಚ್ಚು ಗಳಿಸುವವರು ಶೇ. 1ಕ್ಕಿಂತ ಕಡಿಮೆ ಎಂದು ಸೆಬಿಯ ವರದಿಗೂ ಮುನ್ನವೇ ಬಹಿರಂಗವಾಗಿ ಹೇಳಿದವರು ಅವರು. ವಾರ್ಸಿಟಿ ಎಂಬ ಉಚಿತ ಪಾಠಮಾಲೆ, ಅಪಾಯಕಾರಿ ವ್ಯವಹಾರಕ್ಕೆ ಮುನ್ನ ಎಚ್ಚರಿಸುವ ವ್ಯವಸ್ಥೆ, ತನ್ನ ಖಾತೆಗೆ ತಾನೇ ಬೀಗ ಹಾಕಿಕೊಳ್ಳುವ ಸೌಲಭ್ಯ, ಇವೆಲ್ಲ ಝೆರೋಧಾದಲ್ಲಿವೆ. ಸೆಬಿ ನಿಯಮ ಬಿಗಿಗೊಳಿಸಲು ಹೊರಟಾಗ, ಇದರಿಂದ ತಮ್ಮ ವರಮಾನ ಶೇ. 30ರಿಂದ 50ರಷ್ಟು ಕುಸಿಯಬಹುದೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆ ನಿಯಮಗಳು 2024ರ ನವೆಂಬರ್‌ನಿಂದ ಜಾರಿಗೆ ಬಂದವು. ಆದರೆ ಅವರ ಈ ಪ್ರಾಮಾಣಿಕತೆಯೇ ಒಂದು ಸಂಗತಿಯನ್ನು ಖಚಿತಪಡಿಸುತ್ತದೆ: ತಾಳ್ಮೆಯ ಬಂಡವಾಳದ ಬೇರು ಇರುವುದು ತಾಳ್ಮೆಗೆಟ್ಟ ವಹಿವಾಟಿನಲ್ಲಿ. ಸಣ್ಣ ಊರುಗಳು ಆ ಬೇರಿಗೆ ನೀರೆರೆದಿವೆ. ನೆರಳು ಮಾತ್ರ ಬಹುಮಟ್ಟಿಗೆ ಬೆಂಗಳೂರಿನ ಮೇಲೆ ಬೀಳುತ್ತಿದೆ.

ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ. ತಿಪಟೂರಿನಲ್ಲಿ ನೆಲೆಯೂರಿರುವ ಸಾವಯವ ಹಾಲಿನ ಸಂಸ್ಥೆ ಅಕ್ಷಯಕಲ್ಪದಲ್ಲಿಯೂ ರೈನ್‌ಮ್ಯಾಟರ್ ಹಣ ತೊಡಗಿಸಿದೆ. ಝೆರೋಧಾ ಹುಟ್ಟಿದ 2010ರಲ್ಲೇ, ಸಾಫ್ಟ್‌ವೇರ್ ನೌಕರಿ ಬಿಟ್ಟು ಬಂದ ಶಶಿಕುಮಾರ್ ಮತ್ತು ಸಂಗಡಿಗರು ಕಟ್ಟಿದ ಸಂಸ್ಥೆಯದು. ಅಲ್ಲಿಗೆ ಹಣ ಬಂದದ್ದು ತಾಲ್ಲೂಕಿನ ಮೇಲಿನ ಕರುಣೆಯಿಂದಲ್ಲ. ನೂರಾರು ರೈತರನ್ನು ಸಂಘಟಿಸಿ, ಹಾಲಿನ ಗುಣಮಟ್ಟ ಕಾಯ್ದು, ನಗರದ ಗ್ರಾಹಕರನ್ನು ತಲುಪಿದ ಮೇಲೆ ಬಂಡವಾಳ ಬಂತು. ಸೊರಬ ಸೀಮೆ ಅನಾನಸ್ ಬೆಳೆಯುತ್ತದೆ, ಶಿಕಾರಿಪುರ ಮೆಕ್ಕೆಜೋಳ ಬೆಳೆಯುತ್ತದೆ. ಆದರೆ ಬೆಳೆಯ ಮೌಲ್ಯ ಹೆಚ್ಚಿಸುವ ಕೆಲಸ ಬಹುಪಾಲು ತಾಲ್ಲೂಕಿನ ಗಡಿಯಾಚೆ ನಡೆಯುತ್ತದೆ. ಹನ್ನೊಂದು-ಹನ್ನೆರಡನೆಯ ಶತಮಾನದಲ್ಲಿ ನಾಡಿನ ವರ್ತಕ ಸಂಘಗಳು ನೆರೆಯುತ್ತಿದ್ದ ಬಳ್ಳಿಗಾವಿ ಇರುವುದು ಇದೇ ಶಿಕಾರಿಪುರ ತಾಲ್ಲೂಕಿನಲ್ಲಿ ಎಂಬುದನ್ನು ಶಾಸನಗಳು ಹೇಳುತ್ತವೆ, ಅಷ್ಟೆ.

ಸರ್ಕಾರದ ಪ್ರಯತ್ನಗಳು ಇಲ್ಲವೆಂದಲ್ಲ. ಶಿವಮೊಗ್ಗ ಸಮೀಪದ ಮಾಚೇನಹಳ್ಳಿಯಲ್ಲಿ ಐಟಿ ಪಾರ್ಕ್ ತಲೆಯೆತ್ತಿ ವರ್ಷಗಳೇ ಸಂದಿವೆ. ನಿರೀಕ್ಷಿಸಿದಷ್ಟು ಕಂಪನಿಗಳು ಬರಲಿಲ್ಲ. 2023ರ ಫೆಬ್ರುವರಿ 27ರಂದು ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ರೈಲು ಮಾರ್ಗಕ್ಕೆ ಶಂಕುಸ್ಥಾಪನೆಯೂ ಅದೇ ದಿನ ನೆರವೇರಿತು. ಬೆಂಗಳೂರಿನಾಚೆಗೆ ಉದ್ಯಮ ಬೆಳೆಸುವ ಯೋಜನೆ ರೂಪುಗೊಂಡಾಗ ಮೊದಲು ಆಯ್ಕೆಯಾದದ್ದು ಮೈಸೂರು, ಮಂಗಳೂರು ಮತ್ತು ಹುಬ್ಬಳ್ಳಿ-ಧಾರವಾಡ-ಬೆಳಗಾವಿ ವಲಯಗಳು. 2025ರ ನವೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ 2025-30ರ ನವೋದ್ಯಮ ನೀತಿ 25,000 ನವೋದ್ಯಮಗಳ ಗುರಿ ಇಟ್ಟುಕೊಂಡಿದ್ದು, ಅವುಗಳಲ್ಲಿ 10,000 ಬೆಂಗಳೂರಿನ ಹೊರಗೆ ಆಗಬೇಕೆಂದಿದೆ. ಮೀಸಲಿಟ್ಟ ಹಣ 518 ಕೋಟಿ ರೂಪಾಯಿ. ಐದು ವರ್ಷಗಳಿಗೆ ಇಡೀ ರಾಜ್ಯ ಇಟ್ಟ ಈ ಮೊತ್ತ, ಕಾಮತ್ ಒಂದೇ ಬಾರಿಗೆ ತಮ್ಮ ನಿಧಿಗೆ ಘೋಷಿಸಿದ ಮೊತ್ತದ ಸುಮಾರು ಅರ್ಧದಷ್ಟು!

ಹೊರಗಿನ ಆ ಹತ್ತು ಸಾವಿರದ ಲೆಕ್ಕ ಮೂರು ವಲಯಗಳಲ್ಲೇ ಮುಗಿದುಹೋಗದಂತೆ ತಾಲ್ಲೂಕುವಾರು ಪಾಲು ಗೊತ್ತುಮಾಡಬೇಕೆಂದು ಒತ್ತಾಯಿಸುವವರು ಬೇಕು. ಇಬ್ಬರು ಮುಖ್ಯಮಂತ್ರಿಗಳನ್ನು, ಎಸ್. ಬಂಗಾರಪ್ಪ ಮತ್ತು ಬಿ.ಎಸ್. ಯಡಿಯೂರಪ್ಪ ಅವರನ್ನು, ನಾಡಿಗೆ ಕೊಟ್ಟ ನೆಲವಿದು. 2023ರ ಚುನಾವಣೆಯಲ್ಲಿ ಸೊರಬದಿಂದ ಮಧು ಬಂಗಾರಪ್ಪ, ಶಿಕಾರಿಪುರದಿಂದ ಬಿ.ವೈ. ವಿಜಯೇಂದ್ರ ಆಯ್ಕೆಯಾದರು, ಒಬ್ಬರು ಆಡಳಿತ ಪಕ್ಷದ ಸಾಲಿನಲ್ಲಿ, ಮತ್ತೊಬ್ಬರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಈ ಒಂದು ಬೇಡಿಕೆಯ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರೆ ಯಾರ ಪಕ್ಷಕ್ಕೂ ನಷ್ಟವಿಲ್ಲ.