ದೇವರನ್ನು ಕತ್ತಲೆ ಮೂಲೆಯಲ್ಲಿ ಕೂರಿಸಬೇಡಿ



ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಮತ್ತೆ ತಿರುಗುತ್ತಿದೆ. ವಿಶ್ವದ ಶೇಕಡಾ 95 ಭಾಗ ಏನೆಂದು ವಿಜ್ಞಾನಿಗಳಿಗೆ ಗೊತ್ತಿಲ್ಲವಂತೆ, ಆ 95 ಭಾಗವೇ ದೇವರಂತೆ. ಕೆಳಗೆ ಕೊಲೊಸ್ಸೆಯವರಿಗೆ ಬರೆದ ಪತ್ರದ ಒಂದು ವಾಕ್ಯ, ಎರಡು ಕೈಮುಗಿದ ಚಿತ್ರ. ಇನ್ನೊಂದು ಸಂದೇಶದಲ್ಲಿ ಅದೇ ಭಾಗ ಸೈತಾನನದ್ದು, ಯಾಕೆಂದರೆ ಹೆಸರಿನಲ್ಲೇ ‘ಡಾರ್ಕ್’ ಇದೆಯಲ್ಲ! ಒಂದೇ ವಸ್ತುವನ್ನು ಬೆಳಿಗ್ಗೆ ದೇವರಿಗೂ ಸಂಜೆ ಸೈತಾನನಿಗೂ ಬರೆದುಕೊಡುವ ಈ ಕೆಲಸವನ್ನು ನಾವು ವಿರೋಧಿಸುತ್ತೇವೆ. ಧ್ಯಾನಕೂಟದ ವೇದಿಕೆಯಿಂದ ಬಂದರೂ ವಿರೋಧಿಸುತ್ತೇವೆ.

ಮೊದಲು ಲೆಕ್ಕ. ಯುರೋಪಿನ ಪ್ಲಾಂಕ್ ಉಪಗ್ರಹ ಅಳೆದ ಪ್ರಕಾರ ವಿಶ್ವದ ಒಟ್ಟು ದ್ರವ್ಯ ಮತ್ತು ಶಕ್ತಿಯಲ್ಲಿ ಪರಮಾಣುಗಳಿಂದಾದದ್ದು ಸುಮಾರು ಶೇ. 5. ಡಾರ್ಕ್ ಮ್ಯಾಟರ್ ಸುಮಾರು ಶೇ. 27, ಡಾರ್ಕ್ ಎನರ್ಜಿ ಸುಮಾರು ಶೇ. 68. ಆ ಐದರಲ್ಲೂ ತೂಕದ ಮುಕ್ಕಾಲು ಪಾಲು ಹೈಡ್ರೋಜನ್, ಉಳಿದದ್ದರಲ್ಲಿ ಹೆಚ್ಚಿನದು ಹೀಲಿಯಂ. ನಮ್ಮ ಮೂಳೆಯ ಕ್ಯಾಲ್ಸಿಯಂ, ರಕ್ತದ ಕಬ್ಬಿಣ, ಚಂದ್ರಗಿರಿ ಹೊಳೆಯ ಮರಳು, ಎಲ್ಲವೂ ಕೊನೆಗೆ ಉಳಿಯುವ ಚಿಟಿಕೆಯಷ್ಟರಲ್ಲಿ ಬಂತು.

ಹಾಗಾದರೆ 95 ಭಾಗ ಏನೂ ಗೊತ್ತಿಲ್ಲವೇ? ಅದೇ ಸುಳ್ಳು. ಸೂರ್ಯನಿಗೆ ಹತ್ತಿರದ ಬುಧ ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ, ದೂರದ ನೆಪ್ಚೂನ್ ಬರೀ 5 ಕಿಲೋಮೀಟರ್ ಚಿಲ್ಲರೆ. ದೂರ ಹೋದಷ್ಟೂ ಸೆಳೆತ ಕಡಿಮೆ, ಆದ್ದರಿಂದ ವೇಗವೂ ಕಡಿಮೆ. ಗೆಲಾಕ್ಸಿಗಳಲ್ಲೂ ಹೀಗೇ ಇರಬೇಕಿತ್ತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಳೆದರು. ಅಂಚಿನ ಕಡೆಗೆ ಹೋದರೂ ವೇಗ ಇಳಿಯುವ ಲಕ್ಷಣ ಕಾಣಲಿಲ್ಲ. ಕಣ್ಣಿಗೆ ಕಾಣುವ ನಕ್ಷತ್ರಗಳ ತೂಕ ಮಾತ್ರ ಇದ್ದಿದ್ದರೆ ಆ ಅಂಚು ಚದುರಿ ಹೋಗಬೇಕಿತ್ತು. ಹಿಡಿದಿಟ್ಟದ್ದು ಯಾವುದು? ಸ್ವಿಸ್ ವಿಜ್ಞಾನಿ ಫ್ರಿಟ್ಜ್ ಜ್ವಿಕಿ ಇದೇ ಪ್ರಶ್ನೆಯನ್ನು 1933ರಲ್ಲೇ ಗೆಲಾಕ್ಸಿಗಳ ಗುಂಪೊಂದನ್ನು ನೋಡಿ ಕೇಳಿದ್ದರು. ಅಂದರೆ ಈ ವಸ್ತು ಎಷ್ಟಿದೆ, ಎಲ್ಲಿ ಹರಡಿದೆ, ಹೇಗೆ ಎಳೆಯುತ್ತದೆ ಎಂಬುದು ಲೆಕ್ಕಕ್ಕೆ ಸಿಕ್ಕಿದೆ. ಯಾವ ಕಣ ಎಂಬುದು ಸಿಕ್ಕಿಲ್ಲ. ತೂಗಿ ನೋಡಿ ಬೆಲೆ ಕಟ್ಟಿದ ಮೂಟೆಯನ್ನು ಬಿಚ್ಚಿಲ್ಲ, ಅಷ್ಟೆ. ‘ಡಾರ್ಕ್’ ಎಂದರೆ ಕರಿ ಬಣ್ಣವೂ ಅಲ್ಲ. ಬೆಳಕು ಅದರ ಮೂಲಕ ಸುಮ್ಮನೆ ದಾಟಿ ಹೋಗುತ್ತದೆ. ಗಾಜಿನಂಥದ್ದನ್ನು ಸೈತಾನ ಅನ್ನುತ್ತಾರೆ ಮಾರಾಯ್ರೆ!

ಅಂದಹಾಗೆ, ಯೆಹೂದ್ಯ ಮಹಿಳೆಯಾದ ರೂಬಿನ್ ಅವರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯೆಯಾಗಿದ್ದರು.

ಕಾಣದ್ದನ್ನೆಲ್ಲ ದೇವರ ಖಾತೆಗೆ ಬರೆದರೆ ಏನಾಗುತ್ತದೆ ನೋಡಿ. 1930ರಲ್ಲಿ ಪೌಲಿ ಎಂಬ ವಿಜ್ಞಾನಿ, ಕೆಲವು ಪರಮಾಣುಗಳು ಒಡೆಯುವಾಗ ಶಕ್ತಿಯ ಲೆಕ್ಕ ತಪ್ಪುವುದನ್ನು ಸರಿಪಡಿಸಲು ಯಾರೂ ಕಾಣದ ಒಂದು ಕಣ ಇರಬೇಕೆಂದರು. ಅದೇ ನ್ಯೂಟ್ರಿನೊ. ಅದು ಸಿಕ್ಕಿದ್ದು 1956ರಲ್ಲಿ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ಆ ಇಪ್ಪತ್ತಾರು ವರ್ಷ ಯಾರಾದರೂ ‘ಲೆಕ್ಕ ತುಂಬುವವನು ದೇವರು’ ಎಂದು ಮಕ್ಕಳಿಗೆ ಕಲಿಸಿದ್ದರೆ, ಆ ಮಕ್ಕಳಿಗೆ 1956ರಲ್ಲಿ ಏನು ಹೇಳುತ್ತಿದ್ದರು? ಈಗ ಅಮೆರಿಕದ ಸೌತ್ ಡಕೋಟದ ಹಳೆಯ ಚಿನ್ನದ ಗಣಿಯೊಂದರಲ್ಲಿ, ಒಂದೂವರೆ ಕಿಲೋಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ ಇಟ್ಟು ಡಾರ್ಕ್ ಮ್ಯಾಟರಿನ ಕಣಕ್ಕಾಗಿ ಕಾಯುತ್ತಿದ್ದಾರೆ. ನಾಳೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಫಾರ್ವರ್ಡ್ ಮಾಡಿದವರ ದೇವರಲ್ಲಿ ಶೇ. 27 ಕಡಿತ!

‘ವಿಜ್ಞಾನ ಓದಿದವರ ಅಹಂಕಾರ ಇದು’ ಎಂದು ಹೇಳುವವರಿಗೆ ಒಬ್ಬ ಗುರುಗಳ ಹೆಸರು ಹೇಳುತ್ತೇವೆ. ಬೆಲ್ಜಿಯಮ್ಮಿನ ಫಾದರ್ ಜಾರ್ಜ್ ಲೆಮೈತ್ರ್. ಗುರುದೀಕ್ಷೆ 1923ರಲ್ಲಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದಿಂದ ತೋರಿಸಿದರು. ಬಿಗ್ ಬ್ಯಾಂಗ್ ಸಿದ್ಧಾಂತದ ಮೂಲ ಇವರದ್ದೇ. ಖಾಲಿ ಜಾಗಕ್ಕೂ ಶಕ್ತಿ ಇರಬಹುದೆಂದು 1934ರಲ್ಲೇ ಬರೆದರು. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಗೊತ್ತಾದ ಮೇಲೆ ಜಗತ್ತು ಡಾರ್ಕ್ ಎನರ್ಜಿ ಎಂದು ಹೆಸರಿಟ್ಟ ವಿಷಯಕ್ಕೆ ಇದು ಬಹಳ ಹತ್ತಿರ.

1951ರ ನವೆಂಬರಿನಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ, ಆದಿಯಲ್ಲಿ ದೇವರು ಬೆಳಕನ್ನು ಕರೆದ ಗಳಿಗೆಗೆ ಇಂದಿನ ವಿಜ್ಞಾನವೇ ಸಾಕ್ಷಿ ನುಡಿಯುತ್ತಿದೆ ಎಂಬ ಅರ್ಥದಲ್ಲಿ ಮಾತಾಡಿದರು. ನಮ್ಮಂಥವರಾಗಿದ್ದರೆ ಚಪ್ಪಾಳೆ ತಟ್ಟಿ ಸ್ಟೇಟಸ್ ಹಾಕುತ್ತಿದ್ದೆವು. ಲೆಮೈತ್ರ್ ಅವರಿಗೆ ಇರಿಸುಮುರಿಸಾಯಿತು. ಅವರು ರೋಮಿಗೆ ಹೋಗಿ ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರ ಜತೆ ಮಾತಾಡಿದರು. ತನ್ನ ಸಿದ್ಧಾಂತ ಭೌತಶಾಸ್ತ್ರದ್ದು, ಅದು ಸರಿಯೋ ತಪ್ಪೋ ಎಂಬುದನ್ನು ದೂರದರ್ಶಕ ತೀರ್ಮಾನಿಸಲಿ, ವಿಶ್ವಾಸವನ್ನು ಅದಕ್ಕೆ ಕಟ್ಟಬಾರದು ಎಂಬುದು ಅವರ ನಿಲುವು. ಮರುವರ್ಷ ಖಗೋಳ ವಿಜ್ಞಾನಿಗಳ ಎದುರು ಮಾತಾಡಿದಾಗ ಜಗದ್ಗುರುಗಳು ಆ ವಾದವನ್ನು ಎತ್ತಲಿಲ್ಲ. ಲೆಮೈತ್ರ್ ಮುಂದೆ 1960ರಿಂದ ಕೊನೆಯುಸಿರಿನವರೆಗೆ ಅದೇ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ದೇವರು ಇಲ್ಲವೆನ್ನಲು ಇದೇ ಅಂಕಿಗಳನ್ನು ಬಳಸುವವರೂ ಇದ್ದಾರೆ. ‘ನಾವು ಐದು ಪರ್ಸೆಂಟ್ ಧೂಳು, ಆದ್ದರಿಂದ ಯಾವುದಕ್ಕೂ ಅರ್ಥವಿಲ್ಲ’ ಎನ್ನುತ್ತಾರೆ. ಅವರದ್ದೂ ಪೊಕ್ಕಡೆ ವಾದವೇ. ತೂಕದಿಂದ ಬೆಲೆ ಕಟ್ಟುವುದಾದರೆ ಮಗುವಿಗಿಂತ ಬಂಡೆಕಲ್ಲು ದೊಡ್ಡದು.

ನಮಗೆ ನಿಜವಾಗಿ ನೋವಾಗುವುದು ಬೇರೆ ಕಡೆ. ಕಾಸರಗೋಡಿನ ನಮ್ಮ ಎಷ್ಟೋ ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. ಪ್ಲಸ್ ಒನ್‌ಗೆ ಹೋದ ಕೂಡಲೇ ಫಿಸಿಕ್ಸ್ ಇಂಗ್ಲಿಷಿನಲ್ಲಿ, ಮೇಷ್ಟ್ರು ವಿವರಿಸುವುದು ಹೆಚ್ಚಾಗಿ ಮಲಯಾಳದಲ್ಲಿ. ಆ ಮಕ್ಕಳ ಮೊಬೈಲಿಗೆ ವಿಶ್ವದ ಬಗ್ಗೆ ಅಚ್ಚ ಕನ್ನಡದಲ್ಲಿ ಬರುವುದು ಈ ಫಾರ್ವರ್ಡ್ ಒಂದೇ! ಅಮ್ಮ ಕಳಿಸಿದ್ದು, ಬಾಯಮ್ಮ ಕಳಿಸಿದ್ದು, ಆದ್ದರಿಂದ ನಂಬುತ್ತಾರೆ. ಆಮೇಲೆ ಕಾಲೇಜಿನಲ್ಲಿ ಯಾರೋ ಅದನ್ನು ಎರಡೇ ಮಾತಿನಲ್ಲಿ ಒಡೆಯುತ್ತಾರೆ. ಆಗ ಆ ಮಗು ಫಾರ್ವರ್ಡನ್ನು ಮಾತ್ರ ಬಿಡುತ್ತದೆಯೇ? ಭಾನುವಾರದ ಬಲಿಪೂಜೆಯನ್ನೂ ಬಿಡುತ್ತದೆ. ಹಾಗೆ ಬಿಟ್ಟವರು ನಮ್ಮ ಧರ್ಮಕೇಂದ್ರದಲ್ಲೇ ಇದ್ದಾರೆ, ನಮ್ಮ ಜತೆ ಗಾಯನವೃಂದದಲ್ಲಿ ಹಾಡಿದವರು.

ಅದಕ್ಕೆ ನಮ್ಮ ಬೇಡಿಕೆ ಇಷ್ಟು. ಧ್ಯಾನಕೂಟಕ್ಕೆ ಬರುವ ಬೋಧಕರು ವಿಜ್ಞಾನದ ಮಾತೆತ್ತಿದರೆ, ಅಳೆದವರು ಯಾರು, ಯಾವ ವರ್ಷ ಎಂದು ಕೇಳುವ ಹಕ್ಕು ಯುವಜನರಿಗೆ ಇರಲಿ. ಕೇಳಿದ ಮಗುವನ್ನು ‘ವಿಶ್ವಾಸ ಕಡಿಮೆ’ ಎಂದು ಕೂರಿಸಬೇಡಿ. ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಹಾಲ್ ಬಿಟ್ಟುಕೊಡಿ. ಪ್ಲಸ್ ಒನ್, ಪ್ಲಸ್ ಟೂ ಮಕ್ಕಳಿಗೆ ಫಿಸಿಕ್ಸನ್ನು ಕನ್ನಡದಲ್ಲಿ ಹೇಳಿಕೊಡಲು ನಮ್ಮಲ್ಲಿ ಬಿಎಸ್ಸಿ ಮುಗಿಸಿದವರು ತಯಾರಿದ್ದೇವೆ. ಕಪ್ಪುಹಲಗೆ ನಾವೇ ತರುತ್ತೇವೆ.